ಮೇಣದ ಮರದ ವಲಸೆ

1772ರಲ್ಲಿ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್, ಜಾರ್ಜಿಯಾದ ಪರಿಚಿತರೊಬ್ಬರಿಗೆ ಚೀನಾದ ಟ್ಯಾಲೋ ಮರದ ಬೀಜ ಕಳಿಸಿದರು. ಬೀಜಕ್ಕೆ ಅಂಟಿದ ಬಿಳಿ ಮೇಣದಿಂದ ಚೀನೀಯರು ಮೇಣದಬತ್ತಿ ಮಾಡುತ್ತಿದ್ದರು.

ಈಗ ಟೆಕ್ಸಾಸ್, ಲೂಸಿಯಾನಾಗಳ ಹುಲ್ಲುಗಾವಲನ್ನು ಈ ಮರ ನುಂಗುತ್ತಿದೆ. ಪಾಪ, ದೂರೆಲ್ಲ ಫ್ರಾಂಕ್ಲಿನ್ ತಲೆಗೆ! ಆದರೆ ಡಿಎನ್‌ಎ ಹೇಳುವುದೇ ಬೇರೆ: ಗಲ್ಫ್ ಕರಾವಳಿಯ ಬಹುಪಾಲು ಮರಗಳು 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೃಷಿ ಇಲಾಖೆ ತರಿಸಿದ ಬೀಜದ ಸಂತತಿ.

ಏಷ್ಯಾ, ಜಾರ್ಜಿಯಾ, ಟೆಕ್ಸಾಸ್ ಮೂಲದ ಗಿಡಗಳನ್ನು ವಿಜ್ಞಾನಿಗಳು ಒಂದೇ ತೋಟದಲ್ಲಿ 14 ವರ್ಷ ಬೆಳೆಸಿ ನೋಡಿದರು. ಟೆಕ್ಸಾಸಿನವು ಏಷ್ಯಾದವುಗಳಿಗಿಂತ ದೊಡ್ಡದಾಗಿ ಬೆಳೆದವು; ಎಲೆಯಲ್ಲಿ ಹುಳುಗಳನ್ನು ತಡೆಯುವ ಒಗರು ಮಾತ್ರ ಕಡಿಮೆ. ತವರಿನ ಹುಳುಗಳಿಲ್ಲದ ನೆಲದಲ್ಲಿ, ರಕ್ಷಣೆಗೆ ಕಡಿಮೆ ಖರ್ಚು ಮಾಡಿ ಬೇಗ ಬೆಳೆದವೇ ಗೆದ್ದವು ಎಂಬುದು ಅವರ ವಿವರಣೆ.

ಟೆಕ್ಸಾಸಿನಲ್ಲಿ ಇಂದು ಈ ಗಿಡ ಮಾರುವುದು ಕಾನೂನುಬಾಹಿರ.