ಕಣ್ಣೊಳಗಿನ ಮೊದಲ ಲೆನ್ಸ್‌ನ ಪವರ್ರೇ ತಪ್ಪಿತ್ತು!

ಪೊರೆ ಆಪರೇಷನ್ ಚೆನ್ನಾಗೇ ಆಗಿದೆ, ಆದ್ರೂ ಅಜ್ಜಿ "ಸರಿಯಾಗಿ ಕಾಣ್ತಿಲ್ಲ ಕಣೋ" ಅಂತಾರೆ. ಈ ದೂರಿಗೆ ಕೃತಕ ಲೆನ್ಸ್‌ನಷ್ಟೇ ವಯಸ್ಸಾಗಿದೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ಕಾಕ್‌ಪಿಟ್‌ನ ಪರ್ಸ್ಪೆಕ್ಸ್ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದವು. ಚೂರು ಒಳಗೇ ಉಳಿದ್ರೂ ಕಣ್ಣು ಸಹಿಸಿಕೊಂಡಿತ್ತು. ಇದನ್ನು ಗಮನಿಸಿದ್ದ ಡಾ. ಹೆರಾಲ್ಡ್ ರಿಡ್ಲಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 45 ವರ್ಷದ ಮಹಿಳೆಯೊಬ್ಬರಿಗೆ ಅಂಥದ್ದೇ ಪ್ಲಾಸ್ಟಿಕ್‌ನ ಲೆನ್ಸ್ ಹಾಕಿದರು.

ಆದ್ರೆ ಪವರ್ ವಿಪರೀತ ಜಾಸ್ತಿಯಾಯ್ತು. ಆಕೆಗೆ ಸುಮಾರು ಮೈನಸ್ 18 ನಂಬರ್ ಬಂತು! ರಿಡ್ಲಿ ಸಹಜ ಮಸೂರದ ಆಕಾರವನ್ನೇ ಅನುಸರಿಸಿದ್ದರು. ಪ್ಲಾಸ್ಟಿಕ್ ಬೆಳಕನ್ನು ಅದಕ್ಕಿಂತ ಹೆಚ್ಚು ಬಾಗಿಸುತ್ತೆ.

1967ರಲ್ಲಿ ಸೋವಿಯತ್ ವೈದ್ಯ ಫ್ಯೋದರೋವ್ ತಂಡ ಕಣ್ಣಿನ ಅಳತೆಯಿಂದ ಪವರ್ ಲೆಕ್ಕ ಹಾಕೋ ಸೂತ್ರ ಕೊಟ್ಟಿತು. ಇಂದು ಆಪರೇಷನ್‌ಗೆ ಮೊದಲು ಕಣ್ಣಿನ ಉದ್ದ ಅಳೆಯೋದು ಇದಕ್ಕೇ.

ಆದರೂ ಕೆಲವೊಮ್ಮೆ ಲೆಕ್ಕ ತಪ್ಪುತ್ತೆ. ಮಲ್ಟಿಫೋಕಲ್ ಲೆನ್ಸ್ ಹಾಕಿಸಿಕೊಂಡ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆ ಕಾಣುತ್ತೆ. ಆಗ ಲೆನ್ಸ್ ಬದಲಾಯಿಸಬಹುದು. ಆದ್ರೆ ಅದು ಕನ್ನಡಕ ಬದಲಾಯಿಸಿದಷ್ಟು ಸುಲಭ ಅಲ್ಲ. ದಿನ ಕಳೆದಂತೆ ಲೆನ್ಸ್ ತನ್ನ ಪೊರೆಚೀಲಕ್ಕೆ ಅಂಟಿಕೊಳ್ಳುತ್ತೆ. ಮಂಜಾಯ್ತು ಅಂತ ಆ ಚೀಲಕ್ಕೆ ಲೇಸರ್‌ನಿಂದ ತೂತು ಮಾಡಿಸಿದ್ರೆ ಬದಲಾವಣೆಯ ಅಪಾಯ ಇನ್ನೂ ಹೆಚ್ಚು.

ಹಾಗಾಗಿ ಅಜ್ಜಿ ದೂರು ಹೇಳಿದ್ರೆ "ವಯಸ್ಸಾಯ್ತು ಬಿಡಿ" ಅನ್ನಬೇಡಿ. ಕಾರಣ ಒಣಗಣ್ಣೋ, ರೆಟಿನಾನೋ, ಲೆನ್ಸೋ ಅಂತ ಮೊದಲು ತಿಳ್ಕೊಳ್ಳಿ. ಲೇಸರ್‌ಗೆ ಒಪ್ಪೋ ಮುಂಚೆ, "ಲೆನ್ಸ್ ಬದಲಾಯಿಸಬೇಕಾಗಬಹುದಾ?" ಅಂತ ಡಾಕ್ಟರನ್ನ ಕೇಳಿ.