ಕಾಲುವೆಯ ಆಯುಸ್ಸು

ಹಂಪೆಯನ್ನು ನೋಡಬಂದವರು ಸಾಮಾನ್ಯವಾಗಿ ಭಗ್ನವಾದುದನ್ನೇ ನೋಡಿ ಹಿಂದಿರುಗುವರು. ಒಡೆದ ಗೋಪುರ, ಬಿದ್ದ ಮಂಟಪ, ಅರಮನೆಯ ಬರಿಯ ಅಡಿಪಾಯ, ಇವುಗಳ ಮುಂದೆ ನಿಂತು ನಿಟ್ಟುಸಿರು ಬಿಡುವರು. ಸಮೀಪದಲ್ಲಿಯೇ ಬಾಳೆಯ ತೋಟಗಳಿಗೆ ನೀರುಣಿಸುತ್ತ ಹರಿಯುವ ತುರ್ತ ಕಾಲುವೆಯು ಅವರ ಕಣ್ಣಿಗೆ ಬೀಳುವುದಿಲ್ಲ. ವಿಜಯನಗರವು 1565ರಲ್ಲಿ ಹಾಳಾಯಿತೆಂದು ನಾನೂ ಬಹುಕಾಲ ಮಕ್ಕಳಿಗೆ ಪಾಠ ಹೇಳಿದೆನು; ಹಾಳಾಗದೆ ಉಳಿದುದು ಯಾವುದೆಂಬುದನ್ನು ಹೇಳಲು ಮರೆತೆನು. ಆ ಮರವೆಯನ್ನು ಇಲ್ಲಿ ತಿದ್ದಿಕೊಳ್ಳುವೆನು.

ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ತುಗೀಸ ಯಾತ್ರಿಕ ಡೊಮಿಂಗೊ ಪಾಯೆಸನು, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಒಂದು ಮಹಾತಟಾಕವನ್ನು ವರ್ಣಿಸಿರುವನು. ಹದಿನೈದು ಇಪ್ಪತ್ತು ಸಾವಿರ ಜನರು ಅಲ್ಲಿ ದುಡಿಯುತ್ತಿದ್ದರಂತೆ. ಏರಿಯು ಎರಡು ಮೂರು ಬಾರಿ ಒಡೆಯಿತೆಂದೂ ಅವನೇ ಬರೆದಿರುವನು. ಹೊಸಪೇಟೆಯ ಬಳಿಯ ರಾಯರ ಕೆರೆಯೇ ಅದೆಂದು ವಿದ್ವಾಂಸರ ಮತ. ಆ ಕೆರೆಯು ಈಗ ಬತ್ತಿಹೋಗಿರುವುದು.

ತುಂಗಭದ್ರೆಯ ಹಳೆಯ ಅಣೆಕಟ್ಟುಗಳಾದರೋ ಬಹು ಸಾಧಾರಣವಾದವು. ಹೊಳೆಯೊಳಗಿನ ಬಂಡೆಗಳ ನಡುವೆ ಒರಟು ಕಲ್ಲುಗಳನ್ನು ಜೋಡಿಸಿದ ತಗ್ಗಾದ ಕಟ್ಟೆಗಳು. ನೀರು ಇಳಿದಾಗ ಅದನ್ನು ಕಾಲುವೆಯ ಕಡೆಗೆ ತಿರುಗಿಸುವುವು. ಪ್ರವಾಹ ಬಂದಾಗ ತಮ್ಮ ಮೇಲೆಯೇ ಹರಿದುಹೋಗಗೊಡುವುವು. ಹೊಸಪೇಟೆಯ ರಾಯ ಮತ್ತು ಬಸವಣ್ಣ ಕಾಲುವೆಗಳ ಮೂಲದ ಕಟ್ಟೆಯು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ್ದರಿಂದ ಅವು ಈಗ ಜಲಾಶಯದಿಂದಲೇ ನೀರು ಪಡೆಯುವುವು. ಆದರೂ ಅವುಗಳೂ, ರಾಮಸಾಗರ, ಕಂಪ್ಲಿಗಳ ಕಾಲುವೆಗಳೂ ಇಂದಿಗೂ ಗದ್ದೆತೋಟಗಳನ್ನು ಸಾಕುತ್ತಿರುವುವು.

ಇವು ಉಳಿದುದು ಕಲ್ಲಿನ ಬಲವೊಂದರಿಂದಲೇ ಅಲ್ಲ, ನಿತ್ಯದ ಆರೈಕೆಯಿಂದ. ಬುಕ್ಕರಾಯನ ಮಗನಾದ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಸಂಸ್ಕೃತ ಶಾಸನವು ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುವುದು. ಆ ಕೆರೆಗೆ ದಿನವೂ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂದೂ ಅದರಲ್ಲಿದೆ. ಕಟ್ಟುವುದಕ್ಕೆ ಎರಡು ವರ್ಷ ಸಾಕು. ಕಾಪಾಡುವುದಕ್ಕೆ ತಲೆಮಾರುಗಳೇ ಬೇಕು. ಆದುದರಿಂದಲೇ ನಮ್ಮ ಪೂರ್ವಿಕರು ಹೂಳು ಸಾಗಿಸುವ ಕೆರೆಬಂಡಿಗಾಗಿ ಭೂಮಿಯನ್ನು ಬಿಟ್ಟರು. ಸರದಿಯಂತೆ ನೀರು ಹಂಚಲು ನೀರುಗಂಟಿಯನ್ನು ನೇಮಿಸಿದರು.

ಆ ಎಚ್ಚರಿಕೆಯು ಮನೆಯೊಳಗೂ ಇದ್ದಿತು. ನನ್ನ ಬಾಲ್ಯದಲ್ಲಿ ಪಾತ್ರೆ ತೊಳೆದ ನೀರು ಹಿತ್ತಿಲಿನ ಬಾಳೆಯ ಬುಡಕ್ಕೆ ಹೋಗುತ್ತಿದ್ದಿತು. ಆ ಬಾಳೆಯ ಎಲೆಯಲ್ಲಿ ಊಟ, ಉಂಡೆಲೆ ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಮರಳಿ ಮಣ್ಣಿಗೆ. ನಮ್ಮ ತಾಯಿಯವರು ಇದನ್ನು ಒಂದು ವ್ರತವೆಂದು ಎಣಿಸಲಿಲ್ಲ. ಬೇರೆ ರೀತಿಯಲ್ಲಿ ಬಾಳುವುದು ಅವರಿಗೆ ತೋರಲೇ ಇಲ್ಲ.

ಈಗಿನ ಸ್ಥಿತಿಯನ್ನು ನೋಡೋಣ. ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ, 2016ರ ಅಳತೆಯಂತೆ 105.79 ಟಿ.ಎಂ.ಸಿ.ಗೆ ಇಳಿದಿರುವುದು. 2024ರ ಆಗಸ್ಟ್ ತಿಂಗಳಲ್ಲಿ ಅದರ 19ನೆಯ ಗೇಟು ಕೊಚ್ಚಿಹೋಗಿ, ಕೂಡಿಟ್ಟ ನೀರು ಹೊಳೆಯ ಪಾಲಾಯಿತು. ಸಂಡೂರಿನ ಬೆಟ್ಟಗಳಲ್ಲಿ ಅದಿರಿಗಾಗಿ ಅಗೆದ ಮಣ್ಣು ಮಳೆಯೊಡನೆ ಹಳ್ಳಗಳಿಗೆ ಇಳಿಯುವುದು. ಅಲ್ಲಿಯ ಅತಿರೇಕವು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ ಬೆಳೆದಿದ್ದಿತು. ಇತ್ತ ನಾವು ಪ್ಲಾಸ್ಟಿಕ್ ತಟ್ಟೆಯಲ್ಲಿ ಉಂಡು ಅದನ್ನು ಕಾಲುವೆಗೆ ಎಸೆಯುವೆವು.

ಜಲಾಶಯದ ಹೂಳನ್ನು ನಾವು ಮನೆಯವರು ಎತ್ತಲಾರೆವು. ಆದರೆ ನಮ್ಮ ಬೀದಿಯ ಕಾಲುವೆಗೆ ಕಸ ಬೀಳದಂತೆ ನೋಡಿಕೊಳ್ಳಬಲ್ಲೆವು. ಬಚ್ಚಲ ನೀರನ್ನು ಗಿಡಕ್ಕೆ ಹಾಯಿಸಬಲ್ಲೆವು. ಹಬ್ಬದ ಊಟಕ್ಕೆ ಬಾಳೆಲೆ ಹಾಕಬಲ್ಲೆವು. ಸಾಮ್ರಾಜ್ಯವನ್ನು ಉಳಿಸಲು ರಾಯರ ಸೈನ್ಯವೇ ಸಾಲದೆ ಹೋಯಿತು. ಕಾಲುವೆಯನ್ನು ಉಳಿಸಲು ವರ್ಷವರ್ಷವೂ ಹೂಳೆತ್ತಿದ ಹೆಸರಿಲ್ಲದವರ ಕೈಗಳು ಸಾಕಾದವು. ಆ ಕೈಗಳ ಸಾಲಿನಲ್ಲಿ ಈಗಿನ ಸರದಿ ನಮ್ಮದು.