ಬೀಗದ ಕೈ ಯಾರ ಹತ್ತಿರ?

ಕೊಡಿಯಾಲ್‌ಬೈಲಿನ ಜೈಲುಗೋಡೆಯ ಪಕ್ಕದಲ್ಲಿ ನಾನು ಎಷ್ಟೋ ವರ್ಷ ಓಡಾಡಿದವನು. ಒಳಗಿದ್ದವರ ಪ್ರಾಣಕ್ಕೆ ಜವಾಬ್ದಾರಿ ಯಾರದು ಎಂಬ ಯೋಚನೆ ಬಂದದ್ದು ಮಾತ್ರ 2015ರ ನವೆಂಬರಿನಲ್ಲಿ. ಕೈದಿಗಳ ಹೊಡೆದಾಟದಲ್ಲಿ ಇಬ್ಬರು ವಿಚಾರಣಾಧೀನರು ಅಲ್ಲಿ ಕೊಲೆಯಾದರು. ಆ ಜೈಲಿನಲ್ಲೇ ಮಗನಿದ್ದ ನೆರೆಮನೆಯ ಅಕ್ಕ ಮರುದಿನ ಬಂದು ಕೇಳಿದರು: "ಮಾರಾಯರೇ, ನಮ್ಮವನನ್ನು ಇನ್ನು ನೋಡಿಕೊಳ್ಳುವವರು ಯಾರು?"

ಅಮೆರಿಕದಲ್ಲಾದರೆ ಕೌಂಟಿ ಜೈಲು ಹೆಚ್ಚಾಗಿ ಶೆರೀಫನ ಹೊಣೆ. ಜನ ಓಟು ಹಾಕಿ ಆರಿಸಿದ ಅಧಿಕಾರಿ ಅವನು. ನಮ್ಮಲ್ಲಿ ಓಟಿನ ಪ್ರಶ್ನೆಯೇ ಇಲ್ಲ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದಾಗ ಬಂದ 1894ರ ಕಾಯ್ದೆ ಶಿಸ್ತು, ದುಡಿಮೆ, ಖರ್ಚು, ಶಿಕ್ಷೆ ಎಲ್ಲವನ್ನೂ ಸೂಪರಿಂಟೆಂಡೆಂಟರಿಗೆ ವಹಿಸಿತು. ಅವರ ಮೇಲೆ ಇನ್‌ಸ್ಪೆಕ್ಟರ್ ಜನರಲ್. ಜಿಲ್ಲಾ ಜೈಲಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಮಾತನ್ನೂ ಕೇಳಬೇಕು, ಅದನ್ನು ಇನ್‌ಸ್ಪೆಕ್ಟರ್ ಜನರಲರಿಗೆ ವರದಿಯೂ ಮಾಡಬೇಕು. ಇಬ್ಬರು ಧನಿಗಳಿಗೆ ಒಬ್ಬ ಆಳು! 1963ರಲ್ಲಿ ನಮ್ಮ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡಿತು.

ಅಕ್ಕನಿಗೆ ಇದೆಲ್ಲ ಬೇಡವಿತ್ತು. ಆಗ ಕರ್ನೂಲು ಜಿಲ್ಲೆಯಲ್ಲಿದ್ದ ಕೋಯಿಲಕುಂಟ್ಲದ ಕಥೆ ಹೇಳಿದೆ. 1977ರ ಮೇಯಲ್ಲಿ ಒಂದು ರಾತ್ರಿ ಅಲ್ಲಿಯ ಸಬ್‌ಜೈಲಿಗೆ ನುಗ್ಗಿದವರು ಬಾಂಬು ಎಸೆದರು. ಜೀವಭಯವಿದೆಯೆಂದು ಮೊದಲೇ ಹೇಳಿಕೊಂಡಿದ್ದ ತಂದೆ ಸತ್ತರು, ಜೊತೆಗಿದ್ದ ಮಗ ಬದುಕಿದ. ಜೈಲು ನಡೆಸುವುದು ಸಾರ್ವಭೌಮ ಅಧಿಕಾರ, ಪರಿಹಾರ ಕೊಡಬೇಕಿಲ್ಲ ಎಂದು ಸರಕಾರ ವಾದಿಸಿತು. 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು: ಕೈದಿಗೂ ಬದುಕುವ ಹಕ್ಕಿದೆ, ಹೊಣೆ ಸರಕಾರದ್ದೇ.

"ಇಪ್ಪತ್ತಮೂರು ವರ್ಷವೋ?" ಎಂದು ಕೇಳಿ, ಮಗನಿಗೆಂದು ತಂದಿದ್ದ ಬಟ್ಟೆಯ ಚೀಲ ಎತ್ತಿಕೊಂಡು ಅಕ್ಕ ಜೈಲಿನ ಕಡೆ ಹೊರಟರು.